ಮಲಗಿಸಿದಲ್ಲೇ ಎಬ್ಬಿಸ್ರಿ

ಅರಿವಳಿಕೆ ಔಷಧಿ ನರದೊಳಗೆ ಇಳಿದು ಕಣ್ಣು ಮುಚ್ಚುವ ಮುಂಚೆ ಮನುಷ್ಯರು ಆಡುವ ಕಡೆಯ ಮಾತು ದೊಡ್ಡದೇನೂ ಇರುವುದಿಲ್ಲ. ದೇವರನ್ನು ಕರೆಯುವವರು ಕಡಿಮೆ. "ಹಾಲು ಒಲಿ ಮ್ಯಾಲ ಐತಿ" ಎಂದವರಿದ್ದಾರೆ, "ಎಮ್ಮಿ ಒಳಗ ಕಟ್ಟಿರೇನು" ಎಂದು ಕೇಳಿದವರಿದ್ದಾರೆ. ಹಳಿಯಾಳದ ಒಬ್ಬ ಹೆಣ್ಣುಮಗಳು ನನ್ನ ಕೈ ಹಿಡಿದು, "ಬಾಗಲಾ ಮುಂದಕ ಮಾಡ್ರಿ, ನಾಯಿ ಬರತೈತಿ" ಎಂದು ಹೇಳುತ್ತಲೇ ನಿದ್ದೆಗೆ ಜಾರಿದಳು. ದಾಂಡೇಲಿಯ ಒಂದು ಸಣ್ಣ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ಇಂಥ ಮಾತು ಕೇಳುತ್ತಲೇ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆಯಿತು.

ನಿವೃತ್ತಿಯಾದ ಮೇಲೂ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮನೆಗೆ ಬರುತ್ತಾರೆ. ಯಾವ ಔಷಧಿ ಎಷ್ಟು, ಯಾವ ಗುಂಡಿ ಯಾವಾಗ ಒತ್ತಬೇಕು ಎಂದು ಕೇಳುತ್ತಾರೆ. ಅದೆಲ್ಲ ಪುಸ್ತಕದಲ್ಲಿ ಇದೆ, ಓದಿಕೊಳ್ಳಿ ಎಂದು ಗದರಿಸಿ ಚಹಾ ಕೊಡುತ್ತೇನೆ. ನನಗೆ ಹೇಳಬೇಕು ಅನ್ನಿಸುವುದು ಬೇರೆ. ನಾವು ಮಲಗಿಸಿದ ಮನುಷ್ಯ ಆ ಹೊತ್ತಿನಲ್ಲಿ ಎಲ್ಲಿ ಇರುತ್ತಾನೆ? ಮೇಜಿನ ಮೇಲೆ ಇರುತ್ತಾನೆ ಎನ್ನುವುದು ಅರ್ಧ ಉತ್ತರ. ಉಳಿದರ್ಧ ನನಗೂ ಗೊತ್ತಿಲ್ಲ. ಗೊತ್ತಿಲ್ಲದೆಯೂ ಅಷ್ಟು ವರ್ಷ ಕೆಲಸ ಮಾಡಿದೆ.

ನನಗೆ ಕೆಲಸ ಕಲಿಸಿದವರು ದೇಸಾಯಿ ಸರ್. ಅರಿವಳಿಕೆ ಕೊಡುವ ಡಾಕ್ಟರು. ಅವರು ನಮ್ಮ ಆಸ್ಪತ್ರೆಯವರಲ್ಲ, ಧಾರವಾಡದ ಕಡೆಯಿಂದ ಗೊತ್ತುಮಾಡಿದ ದಿನ ಬಸ್ಸಿನಲ್ಲಿ ಬರುತ್ತಿದ್ದರು. ಊರವರು ಅವರನ್ನು ನಿದ್ದೆ ಡಾಕ್ಟರು ಎನ್ನುತ್ತಿದ್ದರು. ಆಗ ನಮ್ಮಲ್ಲಿ ಯಂತ್ರಗಳು ಕಡಿಮೆ. ಸರ್ ಎಡಗೈ ಬೆರಳನ್ನು ರೋಗಿಯ ಕಿವಿಯ ಮುಂದಿನ ನಾಡಿಯ ಮೇಲಿಟ್ಟು ಕೂತರೆ ಆಪರೇಷನ್ ಮುಗಿಯುವವರೆಗೆ ತೆಗೆಯುತ್ತಿರಲಿಲ್ಲ. ಕಾಗದದ ಮಿಲ್ಲಿನ ಭೋಂಗಾ ಕೂಗಿದಾಗ ಮಾತ್ರ ತಲೆಯೆತ್ತಿ ಗಡಿಯಾರ ನೋಡುತ್ತಿದ್ದರು.

ಆ ಕಾಲದಲ್ಲಿ ಹೆಚ್ಚಾಗಿ ಬಳಸುತ್ತಿದ್ದದ್ದು ಕೆಟಮಿನ್ ಎಂಬ ಔಷಧಿ. ಅದು ನೋವು ಕೊಲ್ಲುತ್ತದೆ, ಕನಸು ತರುತ್ತದೆ. ಒಳ್ಳೆ ಕನಸಾದರೆ ರೋಗಿ ನಗುತ್ತಾ ಏಳುತ್ತಾನೆ, ಕೆಟ್ಟದಾದರೆ ಮೂರು ಜನ ಹಿಡಿದರೂ ನಿಲ್ಲುವುದಿಲ್ಲ. ಆದ್ದರಿಂದ ಸರ್ ಒಂದು ರೂಢಿ ಇಟ್ಟುಕೊಂಡಿದ್ದರು. ಸಿರಿಂಜ್ ಒತ್ತುವ ಮುಂಚೆ ರೋಗಿಯ ಕಿವಿಯ ಹತ್ತಿರ ಬಗ್ಗಿ, "ಎಲ್ಲಿಗೆ ಹೋಗೂಣು ಹೇಳ್ರಿ" ಎಂದು ಕೇಳುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಜೊತೆಗಾರನನ್ನು ಕೇಳುವ ಹಾಗೆ. ರೋಗಿ ಯಾವ ಜಾಗ ಹೇಳುತ್ತಾನೋ ಅದರ ಮಾತನ್ನೇ ಆಡುತ್ತಾ ಮಲಗಿಸುವುದು. ಕಣ್ಣು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಆಡುತ್ತಲೇ ಇರುವುದು. "ಕಿವಿ ಕಡೀಕ ಮಲಗತೈತಿ, ಮೊದಲ ಏಳತೈತಿ. ಲಕ್ಷ್ಯ ಇರ್ಲಿ ಸಿಸ್ಟರ್" ಎಂದು ನನಗೆ ಮೊದಲ ವಾರದಲ್ಲೇ ಹೇಳಿದ್ದರು.

ಹೀಗೆ ನಾನು ಥಿಯೇಟರಿನ ಹಸಿರು ಗೋಡೆಯೊಳಗೆ ನಿಂತುಕೊಂಡೇ ಎಷ್ಟೋ ಊರು ತಿರುಗಿದೆ. ಎಮ್ಮೆ ಕಾಯುವ ಗೌಳಿಗರ ಮುದುಕ ಕಾಡಿನ ಕೆರೆಗೆ ಹೋದ. ಕಣ್ಣು ಮುಚ್ಚಿದ ಮೇಲೂ ಒಂದೊಂದೇ ಎಮ್ಮೆಯ ಹೆಸರು ಹಿಡಿದು ಕರೆಯುತ್ತಿದ್ದ. ಸರ್ಜನ್ ಸಾಹೇಬರು ಕತ್ತರಿ ಹಿಡಿದುಕೊಂಡು, ಎಲ್ಲವೂ ನೀರಿಗಿಳಿಯಲಿ ಎಂದು ಕಾದರು. ಇನ್ನೊಬ್ಬ ಅಜ್ಜ ಉಳವಿಯ ಜಾತ್ರೆಗೆ ಚಕ್ಕಡಿಯಲ್ಲಿ ಹೊರಟ. ಎಚ್ಚರವಾದಾಗ ಮುಖ ಗಂಟು ಹಾಕಿಕೊಂಡು, "ಇನ್ನೊಂದು ಹರದಾರಿ ಇತ್ತು, ಅಷ್ಟರಾಗ ಎಬ್ಬಿಸಿದ್ರಿ" ಎಂದು ನನ್ನ ಮೇಲೆ ಸಿಟ್ಟು ಮಾಡಿದ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ.

ಮುಂಡಗೋಡ ಕ್ಯಾಂಪಿನಿಂದ ಒಬ್ಬ ವಯಸ್ಸಾದ ಟಿಬೆಟನ್ ಲಾಮಾ ಕೈ ಮೂಳೆ ಮುರಿದು ಬಂದಿದ್ದರು. ಇಂಥವರು ನಿದ್ದೆಯಲ್ಲಿ ಏನು ಕಾಣಬಹುದು ಎಂದು ನಮಗೆಲ್ಲ ಕುತೂಹಲ. ಅವರು ಎದ್ದ ಕೂಡಲೇ ನಾವು ಸುತ್ತ ನಿಂತೆವು. ಜೊತೆಗೆ ಬಂದಿದ್ದ ಸನ್ಯಾಸಿ ಅವರ ಮಾತನ್ನು ಕೇಳಿ ನಕ್ಕು ಹಿಂದಿಯಲ್ಲಿ ತಿಳಿಸಿದ. ಫುಟ್ಬಾಲ್ ಆಡಿದರಂತೆ. ತಮ್ಮ ಕಡೆಯವರು ಸೋತರು ಎಂಬ ಬೇಸರ ಅವರ ಮುಖದಲ್ಲಿ ಸಂಜೆಯವರೆಗೂ ಇತ್ತು.

ಕಿವಿಯ ಬಗ್ಗೆ ಸರ್ ಹೇಳಿದ್ದು ಎಷ್ಟು ನಿಜ ಎಂದು ತಿಳಿದದ್ದು ಖಾನಾವಳಿ ನಡೆಸುವ ಒಬ್ಬರಿಗೆ ಅಪೆಂಡಿಕ್ಸ್ ತೆಗೆದಾಗ. ಮಧ್ಯಾಹ್ನದ ಊಟದ ಹೊತ್ತು. ಸರ್ಜನ್ ಸಾಹೇಬರು ಹೊಲಿಗೆ ಹಾಕುತ್ತಾ ಮಿರ್ಚಿ ಭಜಿಯ ಮಾತು ತೆಗೆದರು. ಯಾವ ಅಂಗಡಿಯದು ಗರಿಗರಿ, ಯಾರ ಹಿಟ್ಟಿನಲ್ಲಿ ಸೋಡಾ ಜಾಸ್ತಿ, ಹೀಗೆ ದೊಡ್ಡ ಚರ್ಚೆಯೇ ಆಯಿತು. ಖಾನಾವಳಿಯವರು ಎದ್ದವರೇ ಬೆವರು ಒರೆಸಿಕೊಂಡು, "ಸಾಕಾತ್ರಿ, ಕರದು ಕರದು ಸೋತೆ, ಎಷ್ಟ್ ಮಂದಿಗೆ ಹಾಕ್ಲಿ" ಎಂದರು. ಸಾಹೇಬರ ಮುಖ ನೋಡುವ ಹಾಗಿತ್ತು. ಅಂದಿನಿಂದ ಥಿಯೇಟರಿನಲ್ಲಿ ಊಟದ ಮಾತು ಬಂದ್.

ನಗುವಂಥವು ಇವು. ಈಗ ಹೇಳುವುದು ಹಾಗಲ್ಲ.

ಫಕೀರಪ್ಪ ಹಳಿಯಾಳ ತಾಲ್ಲೂಕಿನ ರೈತ ಮನೆತನದವರು. ಘಾಟಿನ ನೆತ್ತಿಯ ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ ದುಡಿದು ಊರಿಗೆ ಮರಳಿದ್ದರು. ಬರುವ ಗಾಡಿಗೆ ಹಳಿ ಕೂಡಿಸಿ ಕೊಡುವ ಕೆಲಸ, ಬಾವುಟ ತೋರಿಸುವ ಕೆಲಸ. ಒಂದು ಬೆಳಗ್ಗೆ ಹೆಂಡತಿ ದ್ಯಾಮವ್ವ ಅವರನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಬಂದಳು. ಹಳೆಯ ಹರ್ನಿಯಾದಲ್ಲಿ ಕರುಳು ಸಿಕ್ಕಿ ಬಿಗಿದುಕೊಂಡಿತ್ತು. ಅವತ್ತೇ ಕೊಯ್ಯದಿದ್ದರೆ ಕರುಳು ಕೊಳೆತು ಜೀವ ಹೋಗುತ್ತಿತ್ತು. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸಲು ನೋಡಿದರು. ಎಂದೋ ಬಿದ್ದು ಡೊಂಕಾದ ಬೆನ್ನಿನಲ್ಲಿ ಸೂಜಿ ಇಳಿಯಲಿಲ್ಲ. ಪೂರ್ತಿ ಮಲಗಿಸಲೇಬೇಕಾಯಿತು.

ಆಗ ಫಕೀರಪ್ಪ ಒಲ್ಲೆ ಎಂದರು. ಕೊಯ್ಯುವುದಕ್ಕೆ ಅಂಜಿಕೆ ಇರಲಿಲ್ಲ. ಅಂಜಿಕೆ ಬೇರೆಯದಕ್ಕೆ.

"ಮಲಗಸ್ರಿ ಬೇಕಾದ್ರ. ಆದ್ರ ಎಲ್ಲಿ ಮಲಗಸ್ತೀರಿ ಅಲ್ಲೇ ಎಬ್ಬಸ್ರಿ. ಬ್ಯಾರೆ ಕಡೆ ಒಯ್ಯೂದು ಬ್ಯಾಡ" ಎಂದರು.

ಸರ್ಜನ್ ಸಾಹೇಬರಿಗೆ ಅರ್ಥವಾಗಲಿಲ್ಲ. ದ್ಯಾಮವ್ವ ಬಿಡಿಸಿ ಹೇಳಿದಳು. "ನಮ್ಮನ್ಯಾಗ ಮಲಗಿದವರ್ನ ಎತ್ತೂದಿಲ್ರಿ. ನಿದ್ದ್ಯಾಗ ಜೀವ ತಿರಗಾಡಾಕ ಹೋಗಿರತೈತಿ. ತಿರುಗಿ ಬಂದಾಗ ಹಾಸಗಿ ಖಾಲಿ ಇದ್ರ ಅದು ಎಲ್ಲಿ ಹುಡಕಬೇಕು? ಕೂಸಿನ್ನ ಎತ್ತೂಮುಂದ ಸೈತ ಹೆಸರು ಹಿಡದು ಕರದು ಎತ್ತತೇವಿ."

ಸಾಹೇಬರು ಕೈ ಚೆಲ್ಲಿ, ಸಾಯುವ ಹೊತ್ತಿನಲ್ಲಿ ಇದೇನು ಹಟ ಎಂದು ಹೊರಗೆ ನಡೆದರು. ದೇಸಾಯಿ ಸರ್ ಸ್ಟೂಲ್ ಎಳೆದುಕೊಂಡು ಫಕೀರಪ್ಪನವರ ಪಕ್ಕ ಕೂತರು. "ಆತ್ರಿ. ನೀವು ಇದ ಮೇಜಿನ ಮ್ಯಾಲ ಕಣ್ಣು ತೆರೀತೀರಿ. ನಾ ಮಾತು ಕೊಟ್ಟೇನಿ. ಈಗ ಎಲ್ಲಿಗೆ ಹೋಗೂಣು ಹೇಳ್ರಿ" ಎಂದರು.

ಫಕೀರಪ್ಪ ಯೋಚನೆಯನ್ನೇ ಮಾಡಲಿಲ್ಲ. "ಕ್ಯಾಸಲ್‌ರಾಕಿಗೆ. ಡ್ಯೂಟಿಗೆ ಹೋಗಿರತೇನಿ. ಅದು ಗೊತ್ತಿರೋ ಹಾದಿ."

ಸರ್ ಮಳೆ, ಮಂಜು, ಸುರಂಗದ ಬಾಯಿ, ದೂರದ ಸೀಟಿ ಎಂದು ಮೆಲ್ಲಗೆ ಮಾತಾಡುತ್ತಾ ಅವರನ್ನು ಕಳಿಸಿಕೊಟ್ಟರು. ಕೊಯ್ದದ್ದು, ಕೆಟ್ಟ ಕರುಳು ತೆಗೆದು ಹೊಲಿದದ್ದು ಎಲ್ಲ ಸುಸೂತ್ರವಾಯಿತು. ಕಡೆಯ ಹೊಲಿಗೆ ಬಿದ್ದಿತ್ತು. ಇನ್ನೇನು ಎಬ್ಬಿಸಬೇಕು, ಅಷ್ಟರಲ್ಲಿ ಕುಂಬಾರವಾಡದ ಕಡೆಯಿಂದ ಆಂಬುಲೆನ್ಸ್ ಬಂತು.

ಚೊಚ್ಚಲ ಬಸುರಿ, ಸಾವಿತ್ರಿ ಎಂದು ಹೆಸರು. ಬೆಳಗಿನ ಬಸ್ಸು ತಪ್ಪಿ, ಇನ್ನೊಂದು ವಾಹನ ಸಿಗುವವರೆಗೆ ಕಾದು, ಆ ಕಾಡಿನ ದಾರಿಯಲ್ಲಿ ಕುಲುಕಿಕೊಂಡು ಬಂದಿದ್ದಳು. ಕೂಸಿಗಿಂತ ಮೊದಲು ಹೊಕ್ಕುಳ ಬಳ್ಳಿ ಜಾರಿ ಹೊರಗೆ ಬಂದಿತ್ತು. ಕೂಸಿನ ಎದೆಬಡಿತ ಇಳಿಯುತ್ತಿತ್ತು, ಆಗಲೇ ಕೊಯ್ದು ತೆಗೆಯಬೇಕಿತ್ತು. ನಮ್ಮಲ್ಲಿ ಇದ್ದದ್ದು ಒಂದೇ ಮೇಜು. ಅವಳನ್ನು ಸ್ಟ್ರೆಚರ್ ಸಮೇತ ಥಿಯೇಟರಿನ ಒಳಗೇ ತಂದು ಫಕೀರಪ್ಪನವರ ಪಕ್ಕ ನಿಲ್ಲಿಸಿದರು. ಅವಳು ಕೊಂಕಣಿಯಲ್ಲಿ ತಾಯಿಯನ್ನು ಕರೆಯುತ್ತಾ ಕಿರುಚುತ್ತಿದ್ದಳು. ದೇಸಾಯಿ ಸರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಎಬ್ಬಿಸುವವರೆಗೆ ಕಾಯಲು ಹೊತ್ತಿರಲಿಲ್ಲ. ಸರ್ ತಲೆಯ ಕಡೆ, ನಾನು ಹೆಗಲಿನ ಕಡೆ ಹಿಡಿದು ಫಕೀರಪ್ಪನವರನ್ನು ನಿದ್ದೆಯಲ್ಲೇ ಟ್ರಾಲಿಗೆ ಎತ್ತಿ ಹೊರಗೆ ಕಳಿಸಿದೆವು.

ಬಾಗಿಲಲ್ಲಿ ದ್ಯಾಮವ್ವ ನಿಂತಿದ್ದಳು. ಗಂಡನ ಮುಚ್ಚಿದ ಕಣ್ಣು ನೋಡಿದಳು. "ಎದ್ದಾರೇನ್ರಿ?" ಎಂದು ಕೇಳಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಒಳಗಿನ ಕಿರುಚಾಟ ಅವಳಿಗೂ ಕೇಳುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು, "ಮೊದಲ ಅಕೀದು ನೋಡ್ರಿ" ಎಂದಳು. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು, ಗಂಡು ಕೂಸು, ಗಟ್ಟಿ ದನಿ.

ಫಕೀರಪ್ಪನವರ ಕಣ್ಣು ಸಂಜೆ ವಾರ್ಡಿನಲ್ಲಿ ತೆರೆಯಿತು. ತೆರೆಯಿತು ಅಷ್ಟೇ. ಅವರು ಬಂದಿರಲಿಲ್ಲ.

ಇದನ್ನು ಹೇಗೆ ಹೇಳಲಿ? ಉಸಿರು ಸರಿಯಾಗಿತ್ತು, ನಾಡಿ ಸರಿಯಾಗಿತ್ತು. ಆದರೆ ಹೆಂಡತಿಯ ಗುರುತಿಲ್ಲ. ಬಾಯಿಗೆ ನೀರು ಹಿಡಿದರೆ ಮುಖ ತಿರುಗಿಸುತ್ತಿದ್ದರು. ಕಣ್ಣು ಯಾವಾಗಲೂ ಬಾಗಿಲ ಮೇಲೆ. ಬಲಗೈ ಮುಷ್ಟಿ ಬಿಗಿದುಕೊಂಡೇ ಇತ್ತು, ನಾವು ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯುತ್ತಿದ್ದರು. ಯಾರು ಹಾದುಹೋದರೂ ಒಂದೇ ಪ್ರಶ್ನೆ, "ಬಂತೇನು?" ಏನು ಬರಬೇಕು ಎಂದು ಕೇಳಿದರೆ ಮತ್ತೆ ಬಾಗಿಲು ನೋಡುತ್ತಿದ್ದರು. ದಿನಗಳು ಕಳೆದರೂ ಹಾಗೆಯೇ.

ಸರ್ಜನ್ ಸಾಹೇಬರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಉಪ್ಪಿನ ಅಂಶ ಇಳಿದಿದೆ, ವಯಸ್ಸಾದವರ ಮೆದುಳಿಗೆ ಆಪರೇಷನ್ ಆದ ಮೇಲೆ ಹೀಗೆ ಮಂಕು ಕವಿಯುವುದುಂಟು, ಉಪ್ಪು ಮೆಲ್ಲಗೆ ಏರಿಸಬೇಕು ಎಂದರು. ಅವರು ಹೇಳಿದ್ದು ತಪ್ಪಲ್ಲ. ಇಂಥ ಮಂಕು ನಾನೂ ಹಲವರಲ್ಲಿ ನೋಡಿದ್ದೆ. ಕೆಲವರು ಅದರಿಂದ ಪೂರ್ತಿ ಹೊರಗೆ ಬರುವುದೇ ಇಲ್ಲ, ಊಟ ಬಿಟ್ಟು ಸೊರಗುತ್ತಾರೆ. ಅದೂ ನನಗೆ ಗೊತ್ತಿತ್ತು. ಸಲೈನಿನಲ್ಲಿ ಉಪ್ಪು ಹನಿ ಹನಿಯಾಗಿ ಹೋಗುತ್ತಿತ್ತು. ದ್ಯಾಮವ್ವ ಮಂಚದ ಪಕ್ಕ ಕೂತು ಗಂಡನ ಮುಷ್ಟಿಯ ಮೇಲೆ ಕೈಯಿಟ್ಟುಕೊಂಡಿರುತ್ತಿದ್ದಳು.

"ಇವರು ಇಲ್ಲಿ ಇಲ್ಲ ಸಿಸ್ಟರ. ಅಲ್ಲೇ ಆ ಮೇಜಿನ ಹತ್ರ ಅದಾರ. ಒಮ್ಮಿ ಒಳಗ ಕರಕೊಂಡು ಹೋಗೂಣು" ಎಂದಳು. ಬೇಡಿಕೊಳ್ಳುವ ದನಿಯಲ್ಲ. ಮರೆತುಬಂದ ಕೊಡೆ ತರೋಣ ಎನ್ನುವಷ್ಟು ಸರಳವಾಗಿ ಹೇಳಿದಳು.

ಸಾಹೇಬರನ್ನು ಕೇಳಿದೆ. ಥಿಯೇಟರ್ ಎಂದರೆ ಗುಡಿಯೂ ಅಲ್ಲ, ಛತ್ರವೂ ಅಲ್ಲ ಎಂದು ಬೈಸಿಕೊಂಡೆ. ದೇಸಾಯಿ ಸರ್ ಬರುವ ದಿನದವರೆಗೆ ಕಾದು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಮಾತು ಕೊಟ್ಟಾಂವ ನಾನು. ಇವತ್ತು ಕೇಸು ಮುಗದ ಮ್ಯಾಲ ಥಿಯೇಟರ್ ತೊಳೀತೀರಲ್ಲ, ತೊಳಿಯೂಕಿಂತ ಮೊದಲ ಒಯ್ಯೂಣು. ಯಾರಿಗೂ ತೊಂದರಿ ಇಲ್ಲ. ಸಾಹೇಬರಿಗೆ ನಾ ಹೇಳತೇನಿ" ಎಂದರು.

ಮಧ್ಯಾಹ್ನ ಇಳಿಯುವ ಹೊತ್ತು. ದೀಪ ಆರಿಸಿತ್ತು. ಮೇಲಿನ ಕಿಟಕಿಯಿಂದ ಬಿಸಿಲು ಬಂದು ಹಸಿರು ಗೋಡೆಯ ಮೇಲೆ ಬಿದ್ದು ಇಡೀ ಕೋಣೆ ಕೆರೆಯ ತಳದ ಹಾಗೆ ಕಾಣುತ್ತಿತ್ತು. ಫಕೀರಪ್ಪನವರನ್ನು ಮೇಜಿನ ಮೇಲೆ ಮಲಗಿಸಿದೆವು. ಅವರು ಪ್ರತಿಭಟಿಸಲಿಲ್ಲ. ದ್ಯಾಮವ್ವ ತಲೆಯ ಹತ್ತಿರ ನಿಂತು, "ಬರ್ರಿ, ಮನಿಗೆ ಹೋಗೂಣು, ನಾ ಬಂದೇನಿ" ಎಂದು ಕರೆದಳು. ಮತ್ತೆ ಕರೆದಳು. ಫಕೀರಪ್ಪ ಬಾಗಿಲ ಕಡೆ ನೋಡುತ್ತಾ, "ಬಂತೇನು?" ಎಂದರು. ದ್ಯಾಮವ್ವನ ಮುಖ ಮೊದಲ ಸಲ ಕುಸಿಯಿತು. ಇದೊಂದರ ಮೇಲೆ ಅವಳು ಜೀವ ಹಿಡಿದಿದ್ದಳು.

ಆಗ ಹೊರಗೆ ಕೂಸು ಅತ್ತಿತು. ಸಾವಿತ್ರಿ ಅವತ್ತು ಮನೆಗೆ ಹೊರಟಿದ್ದಳು, ನನಗೆ ಹೇಳಿ ಹೋಗಲು ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿ ನಿಂತಿದ್ದಳು. ಅಳು ಕಿವಿಗೆ ಬಿದ್ದದ್ದೇ ಫಕೀರಪ್ಪ ಮೊಣಕೈ ಊರಿ ಅರ್ಧ ಎದ್ದರು. ಕಣ್ಣಿನಲ್ಲಿ ಏನೋ ಆಡಿತು.

"ಗಾಡಿ ಬಂತು" ಎಂದರು.

ದೇಸಾಯಿ ಸರ್ ನನ್ನ ಕಡೆ ತಿರುಗಿದರು. ಫಕೀರಪ್ಪನವರನ್ನು ಕಳಿಸಿಕೊಟ್ಟದ್ದು ಕ್ಯಾಸಲ್‌ರಾಕ್ ಸ್ಟೇಶನ್ನಿಗೆ ಎಂದು ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ನಾನು ಹೊರಗೆ ಓಡಿ ಸಾವಿತ್ರಿಯ ರಟ್ಟೆ ಹಿಡಿದು, ಬಾಗಿಲ ಎದುರಿನಿಂದ ಮೆಲ್ಲಗೆ ಹಾದುಹೋಗು ಎಂದೆ. ಅವಳಿಗೆ ಏನೂ ತಿಳಿಯಲಿಲ್ಲ, ಆದರೂ ನಡೆದಳು. ಫಕೀರಪ್ಪನವರ ಕಣ್ಣು ಕೂಸಿನ ಜೊತೆ ಬಾಗಿಲಿನ ಈ ಕಡೆಯಿಂದ ಆ ಕಡೆಗೆ ಹೋಯಿತು.

"ಗಾಡಿ ಪಾಸಾತ್ರಿ. ಈಗೇನ್ ಮಾಡೂದು?" ಎಂದು ದ್ಯಾಮವ್ವ ಕೇಳಿದಳು. ರೈಲ್ವೆಯವನ ಹೆಂಡತಿ, ಅವಳಿಗೂ ಹೊಳೆದಿತ್ತು.

"ನಮಗ ಹಸಿರು ತೋರಿಸಬೇಕು" ಎಂದರು ಫಕೀರಪ್ಪ. "ಯಾರೂ ತೋರಿಸವಲ್ರು."

ಥಿಯೇಟರಿನಲ್ಲಿ ಹಸಿರು ಬಟ್ಟೆಗೆ ಬರವೇ? ರೋಗಿಗೆ ಹೊದಿಸುವುದೆಲ್ಲ ಅದೇ. ಟ್ರೇ ಮೇಲಿನ ಹಸಿರು ಬಟ್ಟೆ ಎಳೆದುಕೊಂಡು ಬಾಗಿಲಲ್ಲಿ ನಿಂತು ಕೈ ಎತ್ತಿ ಬೀಸಿದೆ. ಹೇಗೆ ಬೀಸಬೇಕೋ ನನಗೆ ಗೊತ್ತಿರಲಿಲ್ಲ, ಒಗೆದ ಸೀರೆ ಕೊಡವಿದ ಹಾಗೆ ಬೀಸಿರಬೇಕು. ಫಕೀರಪ್ಪ ನೋಡಿದರು. ಅವರ ಬಲಗೈ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. ನಾವು ಎಬ್ಬಿಸಲಿಲ್ಲ, ಎತ್ತಲೂ ಇಲ್ಲ. ಮಿಲ್ಲಿನ ಭೋಂಗಾ ಕೂಗುವವರೆಗೆ ಅದೇ ಮೇಜಿನ ಮೇಲೆ ನಿದ್ದೆ ಮಾಡಿದರು. ಭೋಂಗಾಕ್ಕೆ ಎಚ್ಚರವಾಗಿ ಹೆಂಡತಿಯನ್ನು ನೋಡಿ, "ಯಾಕ ಇಷ್ಟ್ ಸೊರಗೀದಿ?" ಎಂದರು.

ದ್ಯಾಮವ್ವ ಅತ್ತದ್ದು ಆಗ. ನಾನೂ ಅತ್ತೆ. ದೇಸಾಯಿ ಸರ್ ಕಿಟಕಿ ಕಡೆ ತಿರುಗಿ ನಿಂತರು.

ಉಪ್ಪು ಅಂದು ಬೆಳಗಿನ ಪರೀಕ್ಷೆಯಲ್ಲೇ ಸರಿಯಾಗಿತ್ತು ಎಂದು ಸರ್ಜನ್ ಸಾಹೇಬರು ಆಮೇಲೆ ಚೀಟಿ ತೋರಿಸಿದರು. ಇರಬಹುದು. ನಾನು ಅವರ ಜೊತೆ ವಾದಕ್ಕೆ ಇಳಿಯಲಿಲ್ಲ. ಮೆದುಳಿಗೆ ಉಪ್ಪು ಬೇಕು ಎನ್ನುವುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಆದರೆ ಆ ಬೆರಳುಗಳು ಬಿಚ್ಚಿಕೊಂಡದ್ದನ್ನು ನೋಡಿದವಳು ನಾನು. ದೇಸಾಯಿ ಸರ್ ಅವರನ್ನು ಕೇಳಿದಾಗ, "ನನಗ ಮಲಗಿಸೂದು ಗೊತ್ತು. ಬರೂದು ಅವರಿಗೇ ಗೊತ್ತು" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟರು.

ಮನೆಗೆ ಹೊರಡುವ ದಿನ ಫಕೀರಪ್ಪನವರನ್ನು ನಾನೇ ಕೇಳಿದೆ. ಅವರು ಕೈಯಲ್ಲಿ ಟೊಪ್ಪಿಗೆ ತಿರುಗಿಸುತ್ತಾ, ಕಳೆದ ವಾರದ ಡ್ಯೂಟಿಯ ಸಂಗತಿ ಹೇಳುವ ಹಾಗೆ ಹೇಳಿದರು.

"ನಾ ಯಾವಾಗೋ ತಿರುಗಿ ಹೊರಟಿದ್ದೆ ಸಿಸ್ಟರ. ನನ್ನ ಗಾಡಿ ಸ್ಟೇಶನ್ ಬಿಡೂದರಾಗ ಇತ್ತು. ಅಷ್ಟರಾಗ ಕೆಳಗಿಂದ ಒಂದು ಗಾಡಿ ಕೂಗಿಕೋತ ಘಾಟ್ ಹತ್ತಾಕತ್ತಿತ್ತು. ಅಲ್ಲಿ ಒಂದ ಹಳಿ ಇದ್ದದ್ದು. ಯಾರರೆ ಒಬ್ರು ನಿಂದ್ರಬೇಕು. ಇಳಿಯೋ ಗಾಡಿ ನಿಂತ್ರ ಮತ್ತ ಹೊಂಡತೈತಿ. ಏರಿನ್ಯಾಗ ಬರೋ ಗಾಡಿ ಒಮ್ಮಿ ನಿಂತ್ರ ಮುಗೀತು, ಹತ್ತೂದಿಲ್ಲ. ಅದಕ್ಕ ನಾ ಬಾಜೂಕ ಸರದು ನಿಂತೆ."

ಅವರ ಮೇಜಿನ ಪಕ್ಕದಲ್ಲೇ ಒಬ್ಬ ಬಸುರಿ ಕಿರುಚುತ್ತಿದ್ದಳು, ಅವಳಿಗಾಗಿಯೇ ಅವರನ್ನು ಎತ್ತಿದೆವು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವತ್ತೂ ನಾನು ಹೇಳಲಿಲ್ಲ.

ನಾನು ನಿವೃತ್ತಿಯಾಗುವ ಹೊತ್ತಿಗೆ ಹೊಸ ಯಂತ್ರಗಳು ಬಂದವು. ಹಣೆಗೆ ಪಟ್ಟಿ ಅಂಟಿಸಿದರೆ ಮೆದುಳು ಎಷ್ಟು ಆಳದ ನಿದ್ದೆಯಲ್ಲಿದೆ ಎಂದು ಅಂಕಿ ತೋರಿಸುವ ಯಂತ್ರವನ್ನೂ ನೋಡಿದೆ. ಒಳ್ಳೆಯ ಯಂತ್ರ. ಕೆಟಮಿನ್ ಕಡಿಮೆಯಾಗಿದೆ, ಕನಸು ಹೇಳುವವರೂ ಕಡಿಮೆಯಾಗಿದ್ದಾರೆ. ದೇಸಾಯಿ ಸರ್ ಈಗ ಇಲ್ಲ. ಆದರೆ ಫಕೀರಪ್ಪನವರ ನಂತರ, ಮೇಜಿನಿಂದ ಯಾರನ್ನು ಎತ್ತಿದರೂ ನಾನು ಹೆಸರು ಹಿಡಿದು ಕರೆದು, ಎಲ್ಲಿಗೆ ಒಯ್ಯುತ್ತಿದ್ದೇವೆ ಎಂದು ಕಿವಿಯಲ್ಲಿ ಹೇಳಿಯೇ ಎತ್ತಿದೆ. ಹೊಸ ಹುಡುಗಿಯರು ನಕ್ಕರೂ ಬಿಡಲಿಲ್ಲ.

ಬರುವ ತಿಂಗಳು ನನಗೇ ಆಪರೇಷನ್ ಇದೆ, ಪಿತ್ತಕೋಶದ ಕಲ್ಲು. ಅದೇ ಆಸ್ಪತ್ರೆ, ಮೇಜು ಈಗಲೂ ಒಂದೇ. ನಾನು ಕೆಲಸ ಕಲಿಸಿದ ಶಾಂತಾ ಈಗ ಅಲ್ಲಿ ಹಿರಿಯ ನರ್ಸು. ಮೊನ್ನೆ ಮನೆಗೆ ಬಂದವಳು, "ಸಿಸ್ಟರ, ನಿಮ್ಮನ್ನ ಮಲಗಿಸಿದಲ್ಲೇ ಎಬ್ಬಿಸ್ತೇವಿ, ಚಿಂತಿ ಮಾಡಬ್ಯಾಡ್ರಿ" ಎಂದಳು. ಹೊಸಿಲು ದಾಟಿದವಳು ಏನೋ ನೆನಪಾಗಿ ತಿರುಗಿ ನಿಂತು, "ಅಷ್ಟರಾಗ ಹೆರಿಗಿ ಕೇಸು ಬಂದ್ರ?" ಎಂದು ಕೇಳಿದಳು.

"ಬಂದ್ರ ನನ್ನ ಎತ್ತಿ ಬಾಜೂಕ ಇಡವ್ವಾ" ಎಂದೆ. "ನಾ ನಿಂತಿರತೇನಿ. ಕೂಸು ಅತ್ತ ಮ್ಯಾಲ ಹಸಿರು ತೋರಸೂದು ಮಾತ್ರ ಮರೀಬ್ಯಾಡ."